ಸಿಕ್ಕ ಎಳೆ ಬೆಕ್ಕು ಗಬ್ಬವಾಗಿದೆಯೇ? ಹೊಟ್ಟೆ ನೋಡಿ ಗುಳಿಗೆ ಹಾಕುವ ಮುನ್ನ ಇದನ್ನು ಓದಿ

ಹಾನಗಲ್, ಹಿರೇಕೆರೂರು ಭಾಗದ ಮನೆಗಳಿಗೆ ಬೆಕ್ಕು ಹೊಸದಲ್ಲ. ಭತ್ತ, ಗೋವಿನಜೋಳದ ಚೀಲ ಇದ್ದಲ್ಲಿ ಇಲಿ, ಇಲಿ ಇದ್ದಲ್ಲಿ ಬೆಕ್ಕು. ಆದರೆ ಮನೆಯಲ್ಲೇ ಹುಟ್ಟಿ ಬೆಳೆದ ಬೆಕ್ಕು ಬೇರೆ, ಮಳೆಯಲ್ಲಿ ನೆನೆಯುತ್ತ ಗಟಾರದ ಪಕ್ಕ ಸಿಕ್ಕ ಬೆಕ್ಕು ಬೇರೆ. ಇದರ ಹಿಂದುಮುಂದು ನಮಗೆ ಗೊತ್ತಿರುವುದಿಲ್ಲ. ಮೈಯೆಲ್ಲ ಎಲುಬು, ಹೊಟ್ಟೆ ಮಾತ್ರ ಉಬ್ಬು. ಒಬ್ಬರು "ಗಬ್ಬ ಐತಿ" ಎನ್ನುತ್ತಾರೆ. ಇನ್ನೊಬ್ಬರು "ಇಷ್ಟು ಸಣ್ಣದು ಹೆಂಗ ಗಬ್ಬ ಆಗ್ತೈತಿ? ಜಂತು ಆಗ್ಯಾವ, ಗುಳಿಗಿ ಹಾಕ್ರಿ" ಎನ್ನುತ್ತಾರೆ. ಇಬ್ಬರ ಮಾತೂ ಬರೀ ಊಹೆ. ಅಪಾಯ ಇರುವುದು ಊಹೆಯ ಮೇಲೆ ಕೊಡುವ ಔಷಧಿಯಲ್ಲಿ.

"ಸಣ್ಣ ಬೆಕ್ಕು ಗಬ್ಬ ಆಗುವುದಿಲ್ಲ" ನಿಜವೇ?

ಸುಳ್ಳು. ಹೆಣ್ಣು ಬೆಕ್ಕು ಸಾಮಾನ್ಯವಾಗಿ 5-6 ತಿಂಗಳಿಗೆ ಬೆದೆಗೆ ಬರುತ್ತದೆ, ಕೆಲವು 4 ತಿಂಗಳಿಗೇ ಬರುತ್ತವೆ. ಗರ್ಭದ ಅವಧಿ 9 ವಾರ, ಅಂದರೆ ಸುಮಾರು 63ರಿಂದ 67 ದಿನ. ಹಾಗಾಗಿ ಇನ್ನೂ ಮರಿಯಂತೆ ಕಾಣುವ 6 ತಿಂಗಳ ಬೆಕ್ಕು ತಾಯಿಯಾಗುವುದು ಸಾಧ್ಯವಿದೆ. ವಯಸ್ಸು ಅಂದಾಜಿಸಲು ಹಲ್ಲು ನೋಡಿ. ಸುಮಾರು 6 ತಿಂಗಳ ಹೊತ್ತಿಗೆ ಸೂಜಿಯಂಥ ಹಾಲುಹಲ್ಲು ಬಿದ್ದು, ದಪ್ಪ ಕೋರೆಹಲ್ಲು ಬಂದಿರುತ್ತವೆ.

ಉಬ್ಬಿದ ಹೊಟ್ಟೆ ಎಂದರೆ ಗಬ್ಬವೇ?

ಯಾವಾಗಲೂ ಅಲ್ಲ. ಎಳೆ ಬೀದಿಬೆಕ್ಕಿನ ಹೊಟ್ಟೆ ಉಬ್ಬಲು ಜಂತುಹುಳು ದೊಡ್ಡ ಕಾರಣ. ಹೊಟ್ಟೆಯಲ್ಲಿ ನೀರು ತುಂಬುವ ವೈರಸ್ ಕಾಯಿಲೆ, ಗರ್ಭಕೋಶದಲ್ಲಿ ಕೀವು ತುಂಬುವ ಸೋಂಕು ಕೂಡ ಹೀಗೇ ಕಾಣುತ್ತವೆ. ಗಬ್ಬದ ಮೊದಲ ಗುರುತು ಹೊಟ್ಟೆಯಲ್ಲಲ್ಲ, ಮೊಲೆತೊಟ್ಟುಗಳಲ್ಲಿ. ಸುಮಾರು 3ನೇ ವಾರಕ್ಕೆ ಅವು ಗುಲಾಬಿ ಬಣ್ಣಕ್ಕೆ ತಿರುಗಿ ಎದ್ದು ಕಾಣುತ್ತವೆ. ಹೊಟ್ಟೆ ಎದ್ದು ಕಾಣುವುದು 5ನೇ ವಾರದ ಸುಮಾರಿಗೆ.

ನೀವೇ ಹೊಟ್ಟೆ ಒತ್ತಿ ನೋಡಬೇಡಿ, ಮರಿಗಳಿಗೆ ಪೆಟ್ಟಾಗಬಹುದು. ಪಶುವೈದ್ಯರು ಸುಮಾರು 20ರಿಂದ 30ನೇ ದಿನದೊಳಗೆ ಕೈಯಿಂದಲೇ ಗುರುತಿಸಬಲ್ಲರು. ಸ್ಕ್ಯಾನಿಂಗ್‌ನಲ್ಲಿ ಸುಮಾರು 25ನೇ ದಿನದಿಂದ ತಿಳಿಯುತ್ತದೆ. ಎಕ್ಸ್‌-ರೇಯಲ್ಲಿ ಮರಿಗಳ ಎಲುಬು ಕಾಣುವುದು 45 ದಿನಗಳ ನಂತರ.

ಸ್ಕ್ಯಾನಿಂಗ್ ಸಿಗದ ಊರಿನಲ್ಲಿದ್ದರೆ ಇನ್ನೊಂದು ದಾರಿ ಇದೆ. ಬೆಕ್ಕು ಸಿಕ್ಕ ದಿನವನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿ, ಅಂದಿನಿಂದ ಅದನ್ನು ಗಂಡು ಬೆಕ್ಕುಗಳ ಹತ್ತಿರ ಬಿಡಬೇಡಿ. 10 ವಾರ ಕಳೆದರೂ ಮರಿ ಹಾಕದಿದ್ದರೆ ಸಿಕ್ಕಾಗ ಅದು ಗಬ್ಬವಾಗಿರಲಿಲ್ಲ ಎಂದೇ ತಿಳಿಯಬಹುದು. ಆದರೆ ಹೊಟ್ಟೆ ಉಬ್ಬಿರುವಾಗ ವೈದ್ಯರಿಗೆ ತೋರಿಸದೆ ಬರೀ ದಿನ ಎಣಿಸುತ್ತ ಕೂರುವುದು ಸರಿಯಲ್ಲ.

ಗೊತ್ತಾಗುವವರೆಗೆ ಏನು ಮಾಡಬೇಕು?

ಗಬ್ಬ ಎಂದೇ ತಿಳಿದು ನೋಡಿಕೊಳ್ಳಿ. ಗಬ್ಬದ ಬೆಕ್ಕಿಗೂ ಹಸಿದು ಬಡಕಲಾದ ಬೆಕ್ಕಿಗೂ ಬೇಕಾದ ಆರೈಕೆ ಬಹುಪಾಲು ಒಂದೇ: ಒಳ್ಳೆಯ ಆಹಾರ, ಬೆಚ್ಚಗಿನ ಶಾಂತ ಜಾಗ, ಶುದ್ಧ ನೀರು. ವ್ಯತ್ಯಾಸ ಬರುವುದು ಔಷಧಿಯಲ್ಲಿ.

ಜ್ವರಕ್ಕೆ ನಾವು ನುಂಗುವ ಪ್ಯಾರಸಿಟಮಾಲ್ ಬೆಕ್ಕಿಗೆ ವಿಷ. ಅದನ್ನು ಕರಗಿಸಿ ಹೊರಹಾಕುವ ಶಕ್ತಿ ಬೆಕ್ಕಿನ ಯಕೃತ್ತಿಗೆ ತೀರಾ ಕಡಿಮೆ, 500 ಮಿಲಿಗ್ರಾಂನ ಒಂದೇ ಗುಳಿಗೆ ಜೀವ ತೆಗೆಯಬಲ್ಲದು. ನಾಯಿಯ ಚಿಗಟಕ್ಕೆ ಹಾಕುವ ಪರ್ಮೆಥ್ರಿನ್ ಔಷಧಿಯೂ ಬೆಕ್ಕಿಗೆ ವಿಷ. ಮೈಗೆ ಸೀಮೆಎಣ್ಣೆ ಹಚ್ಚಲೇಬಾರದು. ಗಜಕರ್ಣಕ್ಕೆ ಕೊಡುವ ಗ್ರಿಸಿಯೊಫಲ್ವಿನ್ ಗುಳಿಗೆಯಿಂದ ಹೊಟ್ಟೆಯಲ್ಲಿರುವ ಮರಿಗಳಿಗೆ ಅಂಗವೈಕಲ್ಯ ಬರುತ್ತದೆ. ದುರ್ಬಲಗೊಳಿಸಿದ ಜೀವಂತ ವೈರಸ್ ಇರುವ ಲಸಿಕೆಗಳನ್ನೂ ಗಬ್ಬದ ಬೆಕ್ಕಿಗೆ ಹಾಕುವುದಿಲ್ಲ. ಜಂತುಹುಳುವಿಗೆ ಗಬ್ಬದಲ್ಲೂ ಕೊಡಬಹುದಾದ ಔಷಧಿಗಳಿವೆ. ಯಾವುದು, ಎಷ್ಟು ಎಂಬುದನ್ನು ತೂಕ ನೋಡಿ ವೈದ್ಯರೇ ಹೇಳಬೇಕು. "ಗಬ್ಬ ಇರಬಹುದು" ಎಂದು ಅವರಿಗೆ ಮೊದಲೇ ತಿಳಿಸಿ.

ಹಾಲು-ಅನ್ನ ಸಾಕೇ?

ಸಾಲದು. ಬೆಳೆದ ಬೆಕ್ಕುಗಳಲ್ಲಿ ಹಲವಕ್ಕೆ ಹಸುವಿನ ಹಾಲು ಅರಗುವುದಿಲ್ಲ, ಭೇದಿಯಾಗುತ್ತದೆ. ಬೆಕ್ಕು ಮಾಂಸಾಹಾರಿ. ಮಾಂಸ, ಮೀನಿನಲ್ಲಿರುವ ಟಾರಿನ್ ಎಂಬ ಅಂಶ ಅದಕ್ಕೆ ಬೇಕೇ ಬೇಕು. ಅದು ಕಡಿಮೆಯಾದರೆ ಕಣ್ಣು, ಹೃದಯ ಹಾಳಾಗುತ್ತವೆ, ಗರ್ಭವೂ ನಿಲ್ಲದೆ ಹೋಗಬಹುದು. ಬೆಕ್ಕಿನ ಮರಿಗಳಿಗೆಂದೇ ಸಿಗುವ ಆಹಾರ ಗಬ್ಬದ ಬೆಕ್ಕಿಗೂ ಒಳ್ಳೆಯದು. ಅದು ಆಗದಿದ್ದರೆ ಉಪ್ಪು, ಖಾರ, ಈರುಳ್ಳಿ, ಬೆಳ್ಳುಳ್ಳಿ ಹಾಕದೆ ಬೇಯಿಸಿದ ಕೋಳಿ, ಮೀನು, ಮೊಟ್ಟೆ ಕೊಡಿ. ಮುಳ್ಳು, ಎಲುಬು ತೆಗೆದಿರಬೇಕು. ಕೋಳಿಯ ಹೃದಯ, ಸ್ವಲ್ಪ ಈಲಿಯನ್ನೂ ಸೇರಿಸಬಹುದು. ಹೊಟ್ಟೆ ದೊಡ್ಡದಾದಂತೆ ಒಮ್ಮೆಗೆ ಹೆಚ್ಚು ತಿನ್ನಲಾಗದು, ದಿನಕ್ಕೆ 4-5 ಸಲ ಸ್ವಲ್ಪ ಸ್ವಲ್ಪ ಹಾಕಿ.

ಮನೆಯಲ್ಲಿ ಗರ್ಭಿಣಿ ಇದ್ದರೆ ಬೆಕ್ಕನ್ನು ಹೊರಗೆ ಹಾಕಬೇಕೇ?

ಬೇಡ. ಟಾಕ್ಸೊಪ್ಲಾಸ್ಮಾ ಎಂಬ ಪರಾವಲಂಬಿಯಿಂದ ಗರ್ಭದ ಮಗುವಿಗೆ ತೊಂದರೆ ಆಗಬಹುದು ಎಂಬುದು ನಿಜ. ಅದು ಬೆಕ್ಕಿನ ಮಲದಲ್ಲಿ ಬರುವುದೂ ನಿಜ. ಆದರೆ ಬೆಕ್ಕು ಸಾಮಾನ್ಯವಾಗಿ ಮೊದಲ ಸಲ ಸೋಂಕು ತಗುಲಿದಾಗ 1-2 ವಾರ ಮಾತ್ರ ಅದನ್ನು ಹೊರಹಾಕುತ್ತದೆ. ಹೊರಬಿದ್ದ ಮೇಲೂ ಅದು ಸೋಂಕು ಹರಡುವ ಹಂತಕ್ಕೆ ಬರಲು 1ರಿಂದ 5 ದಿನ ಬೇಕು. ಆದ್ದರಿಂದ ಮಲವನ್ನು ಪ್ರತಿದಿನ ತೆಗೆದು ಹಾಕಿದರೆ ಅಪಾಯ ಬಹಳ ಕಡಿಮೆಯಾಗುತ್ತದೆ. ಆ ಕೆಲಸವನ್ನು ಮನೆಯ ಬೇರೆಯವರು ಮಾಡಲಿ. ಅರೆಬೆಂದ ಮಾಂಸ, ತೊಳೆಯದ ಸೊಪ್ಪು-ತರಕಾರಿ, ಹಿತ್ತಲ ಮಣ್ಣು ಮುಟ್ಟಿದ ಕೈಯಿಂದಲೂ ಇದೇ ಸೋಂಕು ಬರುತ್ತದೆ. ಬೆಕ್ಕನ್ನು ಓಡಿಸಿ ಇವನ್ನು ಮರೆತರೆ ಗರ್ಭಿಣಿಗೆ ರಕ್ಷಣೆ ಸಿಕ್ಕಂತಾಗುವುದಿಲ್ಲ. ಸಾಕಿದ ಪ್ರಾಣಿಯನ್ನು ಹಸಿವು, ಬಾಯಾರಿಕೆಗೆ ಬಿಟ್ಟು ಕೈತೊಳೆದುಕೊಳ್ಳುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಡಿ ಅಪರಾಧವೂ ಹೌದು.

ನಿಜವಾಗಿ ಹೆದರಬೇಕಾದದ್ದು ರೇಬಿಸ್‌ಗೆ. ಹೊಸ ಬೆಕ್ಕು ಕಚ್ಚಿದರೆ, ಪರಚಿದರೆ ಗಾಯವನ್ನು ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು, ಅಂದೇ ಆಸ್ಪತ್ರೆಗೆ ಹೋಗಿ. ಅರಿಶಿನ, ಸುಣ್ಣ, ಖಾರದಪುಡಿ ಹಚ್ಚಬೇಡಿ.

ಮರಿ ಹಾಕುವಾಗ

ಗದ್ದಲವಿಲ್ಲದ ಮೂಲೆಯಲ್ಲಿ ರಟ್ಟಿನ ಡಬ್ಬಿ ಇಟ್ಟು ಹಳೆಯ ಹತ್ತಿ ಬಟ್ಟೆ ಹಾಸಿ. ಹೆಚ್ಚಿನ ಬೆಕ್ಕುಗಳಿಗೆ ನಮ್ಮ ಸಹಾಯ ಬೇಕಾಗುವುದಿಲ್ಲ, ದೂರದಿಂದ ನೋಡಿದರೆ ಸಾಕು. ಆದರೆ ಅರ್ಧ ಗಂಟೆ ಜೋರಾಗಿ ಮುಕ್ಕರಿದರೂ ಮರಿ ಬರದಿದ್ದರೆ, ಮರಿ ಅರ್ಧಕ್ಕೆ ಸಿಕ್ಕಿಕೊಂಡರೆ, ರಕ್ತ ಒಂದೇ ಸಮನೆ ಹೋಗುತ್ತಿದ್ದರೆ ತಡಮಾಡದೆ ವೈದ್ಯರ ಬಳಿ ಒಯ್ಯಿರಿ. ತೀರಾ ಎಳೆ ತಾಯಿಯ ಸೊಂಟ ಪೂರ್ತಿ ಬೆಳೆದಿರುವುದಿಲ್ಲ, ತೊಡಕಾಗುವ ಸಾಧ್ಯತೆ ಹೆಚ್ಚು. ಮರಿ ಹಾಕಿದ ಮೇಲೆ ತಾಯಿ ನಡುಗಿದರೆ, ಕಾಲು ಸೆಟೆದುಕೊಂಡರೆ ಅದು ಕ್ಯಾಲ್ಸಿಯಂ ಕುಸಿತ ಇರಬಹುದು. ಅದೂ ತುರ್ತೇ.

ಬೆಕ್ಕು ಮರಿಗಳನ್ನು ಏಳು ಮನೆ ಸುತ್ತಿಸುತ್ತದೆ ಎಂಬ ಮಾತು ಎಲ್ಲರಿಗೂ ಗೊತ್ತು. ಏಳು ಎಂಬ ಲೆಕ್ಕವೇನೂ ಇಲ್ಲ. ಗದ್ದಲ, ಗಲೀಜು, ಬೇರೆ ಪ್ರಾಣಿಗಳ ಭಯ ಇದ್ದರೆ ತಾಯಿ ಜಾಗ ಬದಲಿಸುತ್ತದೆ. ಮೊದಲ ದಿನಗಳಲ್ಲಿ ನೆರೆಮನೆಯ ಮಕ್ಕಳನ್ನೆಲ್ಲ ಕರೆದು ತೋರಿಸದಿದ್ದರೆ ಈ ಸುತ್ತಾಟ ಕಡಿಮೆಯಾಗಬಹುದು.

"ಒಂದು ಸಲವಾದರೂ ಮರಿ ಹಾಕಬೇಕು" ನಿಜವೇ?

ಇದಕ್ಕೆ ವೈದ್ಯಕೀಯ ಆಧಾರವಿಲ್ಲ. ಬೆದೆಗೆ ಬರುವ ಮೊದಲೇ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿದರೆ ಮೊಲೆಗಳ ಕ್ಯಾನ್ಸರ್ ಸಾಧ್ಯತೆ ತುಂಬಾ ತಗ್ಗುತ್ತದೆ. ಗಬ್ಬದ ಆರಂಭದಲ್ಲೇ ತಿಳಿದರೆ, ತಾಯಿ ತೀರಾ ಎಳೆಯದಾಗಿದ್ದರೆ, ಆಗಲೇ ಶಸ್ತ್ರಚಿಕಿತ್ಸೆ ಮಾಡುವುದೂ ಉಂಟು. ಅದನ್ನು ವೈದ್ಯರ ಜೊತೆ ಮಾತಾಡಿ ತೀರ್ಮಾನಿಸಿ. ಮರಿ ಹಾಕಿದ ಬೆಕ್ಕು ಹಾಲೂಡಿಸುತ್ತಿರುವಾಗಲೇ ಮತ್ತೆ ಗಬ್ಬವಾಗಬಲ್ಲದು. ಆದ್ದರಿಂದ ಅದನ್ನು ಗಂಡು ಬೆಕ್ಕುಗಳಿಂದ ದೂರವಿಡಿ. ಮರಿಗಳನ್ನು ಕನಿಷ್ಠ 8 ವಾರ ತಾಯಿಯ ಜೊತೆ ಬಿಟ್ಟು, ಹಾಲು ಬಿಡಿಸಿದ ಮೇಲೆ ಶಸ್ತ್ರಚಿಕಿತ್ಸೆ ಮಾಡಿಸಿ.

ಮೊದಲು ನಿಮ್ಮ ತಾಲ್ಲೂಕಿನ ಪಶು ಆಸ್ಪತ್ರೆಗೆ ತೋರಿಸಿ. ಅಲ್ಲಿ ಆಗದ ಪರೀಕ್ಷೆಗೆ ಪಕ್ಕದ ಗದಗ, ಶಿವಮೊಗ್ಗ ಜಿಲ್ಲೆಗಳಲ್ಲಿ ಪಶುವೈದ್ಯಕೀಯ ಕಾಲೇಜುಗಳಿವೆ. ಪಶುಪಾಲನಾ ಇಲಾಖೆಯ ಸಹಾಯವಾಣಿ 1962. ಬೆಕ್ಕಿಗೆ ಇಂಥ ಗುಳಿಗೆ ಹಾಕಿ ಎನ್ನುವ ಮೆಸೇಜ್ ಗ್ರೂಪಿನಲ್ಲಿ ಬಂದರೆ, ಫಾರ್ವರ್ಡ್ ಮಾಡುವ ಮುನ್ನ ಅದನ್ನು ಪಶುವೈದ್ಯರಿಗೆ ಒಮ್ಮೆ ತೋರಿಸಿ.