ಸೊನ್ನೆ ಸೋಲಿನ ಲೆಕ್ಕ ಮತ್ತು ಅಲಿಯ ದೊಡ್ಡತನ

ಮಹಮ್ಮದ್ ಅಲಿ ತೀರಿಕೊಂಡದ್ದು 2016ರಲ್ಲಿ. ಆತನ ಹಿರಿಮೆಯನ್ನು ಒಪ್ಪದವರ ವಾದ ಮಾತ್ರ ಇನ್ನೂ ನಿಂತಿಲ್ಲ. ತನಗಿಂತ ಕಡಿಮೆ ದರ್ಜೆಯವರ ಎದುರು ಏದುಸಿರು ಬಿಟ್ಟವನು ಮಹಾನ್ ಬಾಕ್ಸರ್ ಹೇಗಾಗುತ್ತಾನೆ ಎಂಬುದು ಅವರ ಪ್ರಶ್ನೆ. ರಾಕಿ ಮಾರ್ಸಿಯಾನೊ 49 ಕಾಳಗ ಆಡಿ 49ನ್ನೂ ಗೆದ್ದ. ಅಲಿ 61ರಲ್ಲಿ 5 ಸೋತ. ಲೆಕ್ಕ ಸರಿಯಾಗಿದೆ, ಅದರಿಂದ ತೆಗೆಯುವ ತೀರ್ಮಾನ ತಪ್ಪು. ಇದು ಅಮೆರಿಕದ ಒಬ್ಬ ಬಾಕ್ಸರನ ಮಾತಷ್ಟೇ ಆಗಿದ್ದರೆ ಬಿಟ್ಟುಬಿಡಬಹುದಿತ್ತು. ಆದರೆ ಹೊಸಪೇಟೆ, ಕಂಪ್ಲಿಯ ಕಡೆ ಗರಡಿಗೆ ಹೋಗುವ ಹುಡುಗರನ್ನೂ, ಸಂಡೂರು ತಾಲ್ಲೂಕಿನ ತೋರಣಗಲ್ಲಿನಲ್ಲಿ ತಯಾರಾಗುವ ಬಾಕ್ಸರುಗಳನ್ನೂ ನಾವು ಇದೇ ಕೋಲಿನಿಂದ ಅಳೆಯುತ್ತಿದ್ದೇವೆ.

ಅಲಿಯ ಅಭಿಮಾನಿಗಳು ಮೊದಲು ಕೆಲವು ಸತ್ಯಗಳನ್ನು ಒಪ್ಪಿಕೊಳ್ಳಬೇಕು. 1963ರ ಜೂನ್‌ನಲ್ಲಿ, ಇನ್ನೂ ಕ್ಯಾಷಿಯಸ್ ಕ್ಲೇ ಆಗಿದ್ದಾಗ, ಲಂಡನ್ನಿನಲ್ಲಿ ಹೆನ್ರಿ ಕೂಪರ್‌ನ ಎಡಗೈ ಹೊಡೆತಕ್ಕೆ ಆತ ನೆಲಕ್ಕುರುಳಿದ. ಸುತ್ತು ಮುಗಿದ ಗಂಟೆ ಆತನನ್ನು ಉಳಿಸಿತು. ತರಬೇತುದಾರ ಏಂಜೆಲೊ ಡಂಡಿ ಹರಿದ ಗ್ಲೌಸನ್ನು ತೋರಿಸಿ ಸಮಯ ತಳ್ಳಿದ್ದೂ ಗುಟ್ಟೇನಲ್ಲ. 1975ರಲ್ಲಿ, ಮದ್ಯ ಮಾರಿ ಜೀವನ ಮಾಡುತ್ತಿದ್ದ ಚಕ್ ವೆಪ್ನರ್ ಆತನನ್ನು 15ನೇ ಸುತ್ತಿನವರೆಗೆ ಎಳೆದ. 1976ರಲ್ಲಿ ಮೈ ಬೆಳೆಸಿಕೊಂಡು ಬಂದ ಅಲಿ, ಜಿಮ್ಮಿ ಯಂಗ್‌ನ ಎದುರು ಗೆದ್ದನೆಂಬ ತೀರ್ಪನ್ನು ಹಲವರು ಒಪ್ಪಲಿಲ್ಲ. 1978ರ ಫೆಬ್ರುವರಿಯಲ್ಲಿ, ವೃತ್ತಿಪರನಾಗಿ ಬರೀ ಏಳು ಕಾಳಗ ಆಡಿದ್ದ ಲಿಯಾನ್ ಸ್ಪಿಂಕ್ಸ್‌ಗೆ ಪಟ್ಟವನ್ನೇ ಬಿಟ್ಟುಕೊಟ್ಟ.

ಆದರೆ 'ಕಡಿಮೆ ದರ್ಜೆ' ಎಂಬುದನ್ನು ತೀರ್ಮಾನಿಸುವವರು ಯಾರು? ಕೆನ್ ನಾರ್ಟನ್‌ನ ಉದಾಹರಣೆ ನೋಡಿ. 1973ರ ಮಾರ್ಚ್‌ನಲ್ಲಿ, ಅಷ್ಟೇನೂ ಹೆಸರಿಲ್ಲದ ಈತ ಅಲಿಯ ದವಡೆ ಮುರಿದು ಗೆದ್ದ. ಮರುವರ್ಷ ಅದೇ ನಾರ್ಟನ್‌ನನ್ನು ಜಾರ್ಜ್ ಫೋರ್‌ಮನ್ ಎರಡೇ ಸುತ್ತಿನಲ್ಲಿ ಮಲಗಿಸಿದ. ಅದೇ ಫೋರ್‌ಮನ್‌ನನ್ನು 1974ರ ಅಕ್ಟೋಬರ್‌ನಲ್ಲಿ ಕಿನ್ಶಾಸಾದಲ್ಲಿ ಅಲಿ ಎಂಟನೇ ಸುತ್ತಿನಲ್ಲಿ ಕೆಡವಿದ. ಅಂಕಗಣಿತ ನಂಬುವವರು ಈ ಮೂವರನ್ನು ಮೇಲೆ ಕೆಳಗೆ ಜೋಡಿಸಿ ತೋರಿಸಲಿ! ಒಬ್ಬನ ವರಸೆ ಇನ್ನೊಬ್ಬನಿಗೆ ಕೂಡಿಬರುವುದಿಲ್ಲ. ಕುಸ್ತಿಯ ಕಣದ ಸುತ್ತ ಕೂತು ನೋಡಿದ ಯಾವ ಹಿರಿಯರಿಗೂ ಇದನ್ನು ವಿವರಿಸಬೇಕಾಗಿಲ್ಲ.

ಈ ತಿಳಿವಳಿಕೆ ನಮ್ಮ ನೆಲಕ್ಕೆ ಹೊಸದೂ ಅಲ್ಲ. ಕೃಷ್ಣದೇವರಾಯನ ಕಾಲದಲ್ಲಿ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್ ವಿಜಯನಗರದ ಮಹಾನವಮಿಯ ಮಲ್ಲಯುದ್ಧವನ್ನು ವರ್ಣಿಸಿದ್ದಾನೆ. ಅದು ಬರೀ ಪಟ್ಟು ಹಾಕುವ ಕುಸ್ತಿಯಲ್ಲ. ಹಲ್ಲು ಮುರಿಯುವ, ಕಣ್ಣು ಹೋಗುವ, ಮುಖ ವಿಕಾರವಾಗುವ ಹೊಡೆತಗಳ ಕಾಳಗ. ಮಾತು ನಿಂತುಹೋದವರನ್ನು ಗೆಳೆಯರು ಎತ್ತಿಕೊಂಡು ಹೋಗುತ್ತಿದ್ದರು. ಆತ ಹೇಳುವ ಇನ್ನೊಂದು ಸಂಗತಿ ಮುಖ್ಯ: ಕಣದಲ್ಲಿ ಇಬ್ಬರನ್ನೂ ಸಮನಾಗಿ ನಿಲ್ಲಿಸುವುದಕ್ಕೆಂದೇ ನಾಯಕರೂ ತೀರ್ಪುಗಾರರೂ ಇದ್ದರು. ಗೆದ್ದವನ ಮರ್ಯಾದೆಯನ್ನು ನಿರ್ಧರಿಸುವ ಕೆಲಸವೂ ಅವರದೇ. ಕಣ ಸಮನಾಗಿಲ್ಲದಿದ್ದರೆ ಗೆಲುವಿಗೆ ಬೆಲೆಯಿಲ್ಲ ಎಂದು ಹಂಪಿಯ ಕಣಕ್ಕೆ ಗೊತ್ತಿತ್ತು. ಹೆಸರು ಮಾಡಿದ ಪೈಲ್ವಾನನಿಗೆ ಸುಲಭದ ಜೋಡಿ ಕಟ್ಟಿ ಸೋಲಿಲ್ಲದ ಸರದಾರ ಎಂದು ಬ್ಯಾನರ್ ಹಾಕುವವರು ಇದನ್ನು ಮರೆತಿದ್ದಾರೆ. ಸೊನ್ನೆ ಸೋಲಿನ ದಾಖಲೆ ಯಾರನ್ನು ಸೋಲಿಸಿದ ಎಂದು ಹೇಳುತ್ತದೆ. ಯಾರಿಂದ ತಪ್ಪಿಸಿಕೊಂಡ ಎಂದು ಹೇಳುವುದಿಲ್ಲ. ಅಲಿ ತಪ್ಪಿಸಿಕೊಳ್ಳಲಿಲ್ಲ. ದವಡೆ ಮುರಿದ ನಾರ್ಟನ್‌ನ ಎದುರು ಆರು ತಿಂಗಳೊಳಗೆ ಮತ್ತೆ ನಿಂತು ಗೆದ್ದ. ಸ್ಪಿಂಕ್ಸ್‌ನನ್ನು ಏಳು ತಿಂಗಳಲ್ಲಿ ಸೋಲಿಸಿ, ಮೂರನೇ ಬಾರಿ ಹೆವಿವೇಟ್ ಪಟ್ಟ ಪಡೆದ.

ಇನ್ನೊಂದು ಮಾತನ್ನು ಲೆಕ್ಕ ಮಾಡುವವರು ಬೇಕೆಂದೇ ಬಿಡುತ್ತಾರೆ. 1967ರಲ್ಲಿ ವಿಯೆಟ್ನಾಂ ಯುದ್ಧಕ್ಕೆ ಹೋಗಲೊಲ್ಲೆ ಎಂದದ್ದಕ್ಕೆ ಅಲಿಯ ಪಟ್ಟವನ್ನೂ ಪರವಾನಗಿಯನ್ನೂ ಕಿತ್ತುಕೊಂಡರು. ಆಗ ಆತನಿಗೆ 25 ವರ್ಷ. ಮತ್ತೆ ರಿಂಗಿಗೆ ಇಳಿದದ್ದು 1970ರ ಅಕ್ಟೋಬರ್‌ನಲ್ಲಿ. ಕಾಲು ಚುರುಕಾಗಿದ್ದ ಮೂರೂವರೆ ವರ್ಷ ಹೀಗೆ ಹೋದವು. ನಂತರದ ಏದುಸಿರಿನಲ್ಲಿ ಆ ತ್ಯಾಗದ ಪಾಲೂ ಇದೆ. ಹೀಗೆ ತೆತ್ತವರನ್ನು ಜನ ಸೋತವರೆಂದು ತಳ್ಳುವುದಿಲ್ಲ. ತುಘಲಕ್ ಸುಲ್ತಾನನ ವಿರುದ್ಧ ದಂಗೆಯೆದ್ದು ಓಡಿಬಂದ ಬಹಾವುದ್ದೀನನಿಗೆ ಆಶ್ರಯ ಕೊಟ್ಟ ಕಂಪಿಲಿ ರಾಜ್ಯ 1327ರ ಸುಮಾರಿಗೆ ದೆಹಲಿಯ ಸೇನೆಗೆ ಬಿದ್ದುಹೋಯಿತು. ಆದರೂ ಕಂಪಿಲಿಯ ಕುಮಾರರಾಮ ಈ ಸೀಮೆಯ ಜನರ ಕಥೆಗಳಲ್ಲಿ ಉಳಿದ. ಗೆದ್ದ ಸೇನಾಪತಿಗಳ ಹೆಸರು ಎಷ್ಟು ಜನರಿಗೆ ಗೊತ್ತು?

ಹಾಗೆಂದು ಏಟು ತಿನ್ನುವುದೇ ದೊಡ್ಡತನ ಎನ್ನಲಾಗದು. 1980ರಲ್ಲಿ ಲ್ಯಾರಿ ಹೋಮ್ಸ್‌ನ ಎದುರು, 1981ರಲ್ಲಿ ಟ್ರೆವರ್ ಬರ್ಬಿಕ್‌ನ ಎದುರು ಅಲಿಯನ್ನು ಇಳಿಸಿದ್ದು ಅನ್ಯಾಯ. 1984ರಲ್ಲಿ ಪಾರ್ಕಿನ್ಸನ್ ಕಾಯಿಲೆ ಇರುವುದು ಪತ್ತೆಯಾಯಿತು. ಸಾಕು ಎನ್ನಬೇಕಾಗಿದ್ದವರು ಟಿಕೆಟ್ ಮಾರುತ್ತಿದ್ದರು.

ಈಗ ನಮ್ಮ ಅಂಗಳಕ್ಕೆ ಬರೋಣ. ತೋರಣಗಲ್ಲಿನ ಇನ್‌ಸ್ಪೈರ್ ಇನ್‌ಸ್ಟಿಟ್ಯೂಟ್ ಆಫ್ ಸ್ಪೋರ್ಟ್‌ನಲ್ಲಿ 2018ರಿಂದ ಬಾಕ್ಸಿಂಗ್ ತರಬೇತಿ ಇದೆ. ಅಲ್ಲಿ ತಯಾರಾದ ನಿಶಾಂತ್ ದೇವ್ 2024ರ ಪ್ಯಾರಿಸ್ ಒಲಿಂಪಿಕ್ಸ್‌ನ ಕ್ವಾರ್ಟರ್ ಫೈನಲ್‌ನಲ್ಲಿ ಮೆಕ್ಸಿಕೊದ ಮಾರ್ಕೊ ವೆರ್ಡೆಗೆ 4-1ರ ತೀರ್ಪಿನಲ್ಲಿ ಸೋತರು. ಗೆದ್ದಿದ್ದರೆ ಪದಕ ಖಚಿತವಿತ್ತು. ಇದೇ ವೆರ್ಡೆಯನ್ನು ಅವರು 2021ರ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ಸೋಲಿಸಿದ್ದರು. ಹಿಂದೆ ಸೋಲಿಸಿದವನ ಕೈಯಲ್ಲಿ ಸೋತ ಎಂದು ಹಳಿಯುವುದು ಸುಲಭ. ಆದರೆ ಆ ವೆರ್ಡೆ ಪ್ಯಾರಿಸ್‌ನಿಂದ ಬೆಳ್ಳಿ ತೆಗೆದುಕೊಂಡು ಹೋದ. ನಿಶಾಂತ್ ಅದಕ್ಕೂ ಮೊದಲು, 2023ರ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ಕಂಚು ಗೆದ್ದಿದ್ದರು. ಒಂದು ರಾತ್ರಿಯ ತೀರ್ಪಿನಿಂದ ಇದೆಲ್ಲ ಅಳಿಸಿಹೋಗುತ್ತದೆಯೇ?

ನಮ್ಮ ಹುಡುಗರಿಗೆ, ಹುಡುಗಿಯರಿಗೆ ಸೋಲಿನ ಭಯ ಹಚ್ಚುತ್ತಿರುವವರು ನಾವೇ, ನೋಡುವವರು. ಆ ಭಯ ಹತ್ತಿದವರು ಬಲವಾದ ಎದುರಾಳಿಯನ್ನು ಬಿಟ್ಟು ಸುಲಭದವರನ್ನೇ ಹುಡುಕುತ್ತಾರೆ. ಅಲ್ಲಿಗೆ ಅವರ ಬೆಳವಣಿಗೆ ನಿಂತಿತು. ಜಾತ್ರೆಯ ಕುಸ್ತಿ ಕಮಿಟಿಯವರು ಸರಿಸಮನಾದ ಜೋಡಿ ಕಟ್ಟಲಿ. ತರಬೇತುದಾರರು ಸೋತವರಿಗೆ ಮರುಕಾಳಗ ಕೊಡಿಸಲಿ, ಮೈ ಸೋತಾಗ ನಿಲ್ಲಿಸುವ ಧೈರ್ಯವನ್ನೂ ತೋರಲಿ. ತಂದೆತಾಯಿಗಳು, ಸೋತು ಮನೆಗೆ ಬಂದ ಮಗನನ್ನು ಎಷ್ಟು ಸಲ ಸೋತೆ ಎಂದು ಕೇಳುವುದನ್ನು ಬಿಟ್ಟು, ಅವನೆದುರು ಮತ್ತೆ ಯಾವಾಗ ನಿಲ್ಲುತ್ತೀಯ ಎಂದು ಕೇಳಲಿ.