ಮಾರ್ಜರಿಯ ಓಲೆ

ಫೆಬ್ರವರಿ ಬಂತೆಂದರೆ ಪ್ರೇಮಿಗಳ ದಿನದ ವಾದ ಶುರುವಾಗುತ್ತದೆ. ಗುಲಾಬಿ, ಚಾಕೊಲೇಟು, ಗ್ರೀಟಿಂಗ್ ಕಾರ್ಡಿನ ವ್ಯಾಪಾರ ಎಂದು ಕೆಲವರು ಮೂಗು ಮುರಿಯುತ್ತಾರೆ. ಇದು ನಮ್ಮ ಸಂಸ್ಕೃತಿಯಲ್ಲ ಎಂದು ಇನ್ನು ಕೆಲವರು ಬೀದಿಗಿಳಿಯುತ್ತಾರೆ. ಇಬ್ಬರೂ ತಿಳಿಯಬೇಕಾದ ಕಾಗದವೊಂದು ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿದೆ. 1477ರ ಫೆಬ್ರವರಿಯದು. ಇಂಗ್ಲಿಷಿನಲ್ಲಿ ಉಳಿದುಬಂದಿರುವ ಅತ್ಯಂತ ಹಳೆಯ ವ್ಯಾಲೆಂಟೈನ್ ಪತ್ರವೆಂದು ಅದು ಪ್ರಸಿದ್ಧ.

ಅದನ್ನು ಕಳಿಸಿದವಳು ನಾರ್ಫೋಕ್ ಸೀಮೆಯ ಮಾರ್ಜರಿ ಬ್ರೂಸ್. ಅವಳು ಹೇಳುತ್ತ ಹೋದಂತೆ ತಂದೆಯ ಗುಮಾಸ್ತ ಬರೆದುಕೊಂಡ. ಜಾನ್ ಪಾಸ್ಟನ್ ಎಂಬವನ ಜೊತೆ ಅವಳ ಮದುವೆಯ ಮಾತುಕತೆ ನಡೆದಿತ್ತು. ಅಪ್ಪ ಕೊಡುತ್ತೇನೆಂದ ವರದಕ್ಷಿಣೆ ಹುಡುಗನ ಕಡೆಯವರಿಗೆ ಸಾಲದು. ಇನ್ನೂ ಹೆಣ್ಣುಮಕ್ಕಳಿರುವ ಅಪ್ಪ ಹೆಚ್ಚಿಸಲು ಒಪ್ಪ. ಮಾತು ಅಲ್ಲಿಗೇ ನಿಂತಿತ್ತು. ತಾಯಿ ಎಲಿಜಬೆತ್ ಮಾತ್ರ ಕೈಚೆಲ್ಲಲಿಲ್ಲ. ಹಕ್ಕಿಗಳೆಲ್ಲ ಜೋಡಿ ಆರಿಸಿಕೊಳ್ಳುವ ಸಂತ ವ್ಯಾಲೆಂಟೈನ್ ದಿನ ಹತ್ತಿರ ಬಂತು, ಬಂದು ನಾಲ್ಕು ದಿನ ಇದ್ದು ಹೋಗು ಎಂದು ಭಾವೀ ಅಳಿಯನಿಗೆ ಹೇಳಿಕಳಿಸಿದಳು.

ಮಗಳ ಓಲೆಯಲ್ಲಿ ಹೂವಿನ ಮಾತಿಲ್ಲ. ನಿನ್ನ ಸುದ್ದಿ ತಿಳಿಯುವ ತನಕ ಮೈಯಲ್ಲಿ ನೆಮ್ಮದಿಯಿಲ್ಲ, ಅಮ್ಮ ಎಷ್ಟು ಹೇಳಿದರೂ ಅಪ್ಪ ಜಗ್ಗುತ್ತಿಲ್ಲ, ನಿನಗೆ ನನ್ನ ಮೇಲೆ ಪ್ರೀತಿಯಿದ್ದರೆ ಇಷ್ಟಕ್ಕೆ ಕೈಬಿಡಲಾರೆ ಎಂಬುದು ಅದರ ಸಾರ. ಈ ಕಾಗದ ನಿನ್ನ ಕಣ್ಣಿಗಲ್ಲದೆ ಬೇರೆ ಯಾರ ಕಣ್ಣಿಗೂ ಬೀಳದಿರಲಿ ಎಂದೂ ಕೇಳಿಕೊಂಡಿದ್ದಾಳೆ. ಹಿರಿಯರ ಲೆಕ್ಕಾಚಾರದ ನಡುವೆ ಹುಡುಗಿಯೊಬ್ಬಳು ತನ್ನ ಮನಸ್ಸನ್ನು ತಾನೇ ಬಾಯಿಬಿಟ್ಟು ಹೇಳಿದ್ದಾಳಲ್ಲ, ಪ್ರೇಮಿಗಳ ದಿನದ ಜೀವ ಇರುವುದೇ ಅಲ್ಲಿ.

ಅದೇ ವರ್ಷ ಇಬ್ಬರ ಮದುವೆಯಾಯಿತು. 

ಇಷ್ಟಕ್ಕೇ ನಿಂತಿದ್ದರೆ ಇದು ಸೊಗಸಾದ ಪ್ರೇಮಕಥೆ. ಆದರೆ ಪಾಸ್ಟನ್ ಮನೆಯಲ್ಲಿ ಇನ್ನೊಬ್ಬಳು ಮಾರ್ಜರಿಯಿದ್ದಳು, ಜಾನನ ತಂಗಿ. ಅವಳು ಮನೆಯ ಆಸ್ತಿ ನೋಡಿಕೊಳ್ಳುತ್ತಿದ್ದ ರಿಚರ್ಡ್ ಕ್ಯಾಲ್‌ನನ್ನು ಒಲಿದು ಗುಟ್ಟಾಗಿ ಮಾತು ಕೊಟ್ಟಿದ್ದಳು. ಅಂದಿನ ಚರ್ಚಿನ ಕಾನೂನಿನಲ್ಲಿ, ಪಾದ್ರಿಯಿಲ್ಲದೆಯೂ, ಗಂಡುಹೆಣ್ಣು ಪರಸ್ಪರ ಒಪ್ಪಿ ಆಡಿದ ಮಾತೇ ಮದುವೆ. 1469ರಲ್ಲಿ ಮನೆ ಹೊತ್ತಿ ಉರಿಯಿತು. ಇದೇ ಜಾನ್, ತನ್ನ ತಂಗಿ ಫ್ರಾಮ್ಲಿಂಗ್‌ಹ್ಯಾಮ್‌ನಲ್ಲಿ ಮೇಣದಬತ್ತಿ, ಸಾಸಿವೆ ಮಾರುವಂತಾಗಲು ತಾನೆಂದೂ ಒಪ್ಪೆನೆಂದು ಬರೆದ. ನಾರ್ವಿಚ್‌ನ ಬಿಷಪ್ ಹುಡುಗಿಯನ್ನೂ ಹುಡುಗನನ್ನೂ ಬೇರೆಬೇರೆಯಾಗಿ ಕೂರಿಸಿ, ಆಡಿದ ಮಾತೇನು ಎಂದು ಕೇಳಿದರು. ಹುಡುಗಿ ಅಲುಗಲಿಲ್ಲ. ಆ ಮಾತು ಸಾಲದಿದ್ದರೆ ಇನ್ನೂ ಗಟ್ಟಿಯಾಗಿ ಹೇಳುತ್ತೇನೆಂದಳು. ಮದುವೆ ಊರ್ಜಿತವಾಯಿತು, ತಾಯಿ ಮನೆಯ ಬಾಗಿಲು ಮುಚ್ಚಿದಳು. ಮುಂದೆ ಅದೇ ತಾಯಿ ತನ್ನ ಉಯಿಲಿನಲ್ಲಿ ಆ ಮಗಳ ಮಗನಿಗೆ 20 ಪೌಂಡು ಬರೆದಿಟ್ಟಳು. ಮಗಳಿಗೆ ಆ ಬಾಗಿಲು ತೆರೆಯಿತೇ ಎಂಬುದು ಉಯಿಲಿನಿಂದ ತಿಳಿಯುವಂಥದಲ್ಲ. ಇಂಥ ಮನೆಗಳನ್ನು ಹುಡುಕಿಕೊಂಡು ಕನ್ನಡದ ಓದುಗರು ನಾರ್ಫೋಕಿನವರೆಗೆ ಹೋಗಬೇಕಾಗಿಯೂ ಇಲ್ಲ.

2009ರ ಜನವರಿಯಲ್ಲಿ ಸಂಸ್ಕೃತಿಯ ಹೆಸರಿನಲ್ಲಿ ಬೀದಿಗಿಳಿದವರು ಮಂಗಳೂರಿನ ಪಬ್ಬೊಂದಕ್ಕೆ ನುಗ್ಗಿ ಹೆಣ್ಣುಮಕ್ಕಳನ್ನು ಹೊಡೆದರು. ಅದರ ಬೆನ್ನಿಗೇ ಪ್ರೇಮಿಗಳ ದಿನ ಜೋಡಿಯಾಗಿ ಸಿಕ್ಕವರಿಗೆ ಮದುವೆ ಮಾಡಿಸುತ್ತೇವೆಂಬ ಬೆದರಿಕೆಯೂ ಬಂತು. ಯಾರನ್ನು ಯಾವಾಗ ಕಟ್ಟಿಕೊಳ್ಳಬೇಕೆಂದು ಬೀದಿಯವರು ತೀರ್ಮಾನಿಸುವುದಾದರೆ ಅದು ಯಾವ ಸಂಸ್ಕೃತಿಯನ್ನೂ ಕಾಯುವುದಿಲ್ಲ. ಹುಡುಗಿಯ ಬಾಯಿ ಮುಚ್ಚಿಸುತ್ತದೆ, ಅಷ್ಟೇ.

2021ರ ಫೆಬ್ರವರಿ 8ರಂದು, ಪ್ರೇಮಿಗಳ ದಿನಕ್ಕೆ ಆರು ದಿನ ಮೊದಲು, ಸುಪ್ರೀಂ ಕೋರ್ಟ್ ಬೆಳಗಾವಿ ಜಿಲ್ಲೆಯ ಪ್ರಕರಣವೊಂದರಲ್ಲಿ ತೀರ್ಪಿತ್ತಿತು. ವಯಸ್ಸಿಗೆ ಬಂದ, ಓದಿ ಕೆಲಸದಲ್ಲಿದ್ದ ಹೆಣ್ಣುಮಗಳು ತಾನು ಮೆಚ್ಚಿದವನನ್ನು ಮದುವೆಯಾಗಿದ್ದಳು. ತಂದೆ ಮಗಳು ಕಾಣೆಯಾಗಿದ್ದಾಳೆಂದು ದೂರು ಕೊಟ್ಟಿದ್ದರು. ವಯಸ್ಕರಿಬ್ಬರು ಒಪ್ಪಿದ ಮೇಲೆ ಮನೆಯವರ, ಕುಲದವರ ಒಪ್ಪಿಗೆ ಬೇಕಿಲ್ಲವೆಂದ ನ್ಯಾಯಾಲಯ ಎಫ್‌ಐಆರ್ ರದ್ದುಮಾಡಿತು. ಇಂಥ ಪ್ರಕರಣಗಳನ್ನು ನಡೆಸುವ ಬಗೆಯನ್ನು ಪೊಲೀಸರಿಗೆ ಕಲಿಸಬೇಕೆಂದೂ ಸೂಚಿಸಿತು.

ಈ ಮಾತು ಮುಖ್ಯವಾಗಿ ಮನೆಯ ಹಿರಿಯರಿಗೆ. ಮಗಳೋ ಮಗನೋ ಒಂದು ಹೆಸರು ಹೇಳಿದರೆ ಜಾತಿ, ಜಾತಕ, ಸಂಬಳ ವಿಚಾರಿಸುವ ಮೊದಲು ಅವರನ್ನು ಎದುರಿಗೆ ಕೂರಿಸಿಕೊಂಡು ಪೂರ್ತಿ ಕೇಳಿ. ಠಾಣೆಗೆ ಹೋಗುವ ಮೊದಲಂತೂ ಖಂಡಿತ ಕೇಳಿ.