ಬಣ್ಣ ಹಚ್ಚುವ ಮುನ್ನ

ಶಾಲಾ ವಾರ್ಷಿಕೋತ್ಸವದಲ್ಲಿ ಮಗಳು ಚೆನ್ನಾಗಿ ಕುಣಿದರೆ ಸಾಕು, ಪಕ್ಕದಲ್ಲಿ ಕೂತವರು ‘ಇವಳನ್ನು ಸಿನಿಮಾಕ್ಕೆ ಯಾಕೆ ಸೇರಿಸಬಾರದು?’ ಎಂದು ಕೇಳಿಬಿಡುತ್ತಾರೆ. ಹೂಡಿ, ವೈಟ್‌ಫೀಲ್ಡ್ ಕಡೆಯ ಅಪ್ಪ-ಅಮ್ಮಂದಿರಿಗೂ ಇದು ಹೊಸ ಮಾತಲ್ಲ. ಮಗಳು ಕನಸು ಕಾಣತೊಡಗುತ್ತಾಳೆ, ಅಪ್ಪ ಅಂಕಪಟ್ಟಿ ತೆಗೆದು ಕೂರುತ್ತಾರೆ, ಅಮ್ಮ ಇಬ್ಬರ ನಡುವೆ ಸಿಕ್ಕಿಕೊಳ್ಳುತ್ತಾರೆ. ಹೂಂ ಎನ್ನಬೇಕೋ, ಬೇಡ ಎನ್ನಬೇಕೋ?

ಇದೇ ಪ್ರಶ್ನೆ ಎಪ್ಪತ್ತು ವರ್ಷಗಳ ಹಿಂದೆ ಬೆಂಗಳೂರಿನ ಪೊಲೀಸ್ ನೌಕರರೊಬ್ಬರ ಮನೆಯಲ್ಲೂ ಎದ್ದಿತ್ತು. ಅವರ ಹೆಸರು ಭೈರಪ್ಪ, ಪತ್ನಿ ರುದ್ರಮ್ಮ. ಮೂಲ ಊರು ಚನ್ನಪಟ್ಟಣದ ಬಳಿಯ ದಶವಾರ. 1938ರ ಜನವರಿ 7ರಂದು ಹುಟ್ಟಿದ ಅವರ ಮಗಳೇ ಬಿ. ಸರೋಜಾದೇವಿ. ಹೊನ್ನಪ್ಪ ಭಾಗವತರ ‘ಮಹಾಕವಿ ಕಾಳಿದಾಸ’ 1955ರಲ್ಲಿ ತೆರೆಗೆ ಬಂದಾಗ ಆಕೆಗೆ ಹದಿನೇಳು. ಹೆಣ್ಣುಮಕ್ಕಳು ಸಿನಿಮಾಕ್ಕೆ ಹೋಗುವುದೆಂದರೆ ನೆಂಟರಿಷ್ಟರು ಮೂಗು ಮುರಿಯುತ್ತಿದ್ದ ಕಾಲವದು. ಆದರೂ ಮಗಳ ನೃತ್ಯಕ್ಕೆ ತಂದೆ ಬೆಂಬಲವಾಗಿ ನಿಂತರು.

ತಾಯಿಯ ಪಾತ್ರ ಬೇರೆ. ಅವರು ಮಗಳಿಗೆ ಕಟ್ಟಳೆ ಹಾಕಿದರು: ಈಜುಡುಗೆ ಕೂಡದು, ತೋಳಿಲ್ಲದ ರವಿಕೆಯೂ ಕೂಡದು. ಇಂದಿನ ಮಕ್ಕಳಿಗೆ ಇದು ಅತಿ ಎನಿಸಬಹುದು. ಉಡುಪಿನ ಮಾತು ಹಾಗಿರಲಿ. ‘ಇಷ್ಟಕ್ಕೆ ಸರಿ, ಇದರಾಚೆ ಬೇಡ’ ಎನ್ನುವ ಗೆರೆಯನ್ನು ಎಳೆದವರು ನಿರ್ಮಾಪಕರಲ್ಲ, ಮನೆಯವರು ಎಂಬುದನ್ನು ಗಮನಿಸಿ. ಸರೋಜಾದೇವಿ ಆ ಗೆರೆಯನ್ನು ದಾಟಲಿಲ್ಲ. ಅದರಿಂದ ಅವಕಾಶಗಳೇನೂ ತಪ್ಪಲಿಲ್ಲ. 1958ರಲ್ಲಿ ಎಂ.ಜಿ.ಆರ್. ಜೊತೆ ತಮಿಳಿನ ‘ನಾಡೋಡಿ ಮನ್ನನ್’, 1959ರಲ್ಲಿ ದಿಲೀಪ್ ಕುಮಾರ್ ಇದ್ದ ಹಿಂದಿಯ ‘ಪೈಗಾಮ್’, 1961ರಲ್ಲಿ ನಮ್ಮ ‘ಕಿತ್ತೂರು ಚೆನ್ನಮ್ಮ’. ತೆಲುಗಿನಲ್ಲೂ ಬಹುಬೇಡಿಕೆ. ಅವರ ಕನ್ನಡ ಛಾಯೆಯ ತಮಿಳನ್ನು ಅಲ್ಲಿನ ಪ್ರೇಕ್ಷಕರು ತಪ್ಪೆಂದು ಎಣಿಸಲಿಲ್ಲ, ಮೆಚ್ಚಿ ‘ಕನ್ನಡದ ಗಿಳಿ’ ಎಂದೇ ಕರೆದರು. ಕನ್ನಡಿಗರಿಗೆ ಅವರು ‘ಅಭಿನಯ ಸರಸ್ವತಿ’.

1967ರಲ್ಲಿ ಎಂಜಿನಿಯರ್ ಶ್ರೀಹರ್ಷ ಅವರೊಡನೆ ಮದುವೆಯಾಯಿತು. ಮದುವೆಯಾದರೆ ನಾಯಕಿಯ ಕಥೆ ಮುಗಿಯಿತೆಂಬ ಮಾತನ್ನು ಅವರು ಸುಳ್ಳು ಮಾಡಿದರು. 1977ರ ‘ಬಭ್ರುವಾಹನ’ ಮದುವೆಯಾಗಿ ಹತ್ತು ವರ್ಷಗಳ ನಂತರದ ಚಿತ್ರ. 1986ರಲ್ಲಿ ಪತಿ ತೀರಿಕೊಂಡರು. ಆ ನೋವನ್ನು ನುಂಗಿಕೊಂಡು ಮತ್ತೆ ಬಣ್ಣ ಹಚ್ಚಿದರು. 1969ರಲ್ಲಿ ಪದ್ಮಶ್ರೀ, 1992ರಲ್ಲಿ ಪದ್ಮಭೂಷಣ ಬಂದವು. 1984ರ ‘ಯಾರಿವನು’ ಚಿತ್ರದಲ್ಲಿ ಬಾಲಕ ಪುನೀತ್ ಜೊತೆ ನಟಿಸಿದವರು, 2019ರಲ್ಲಿ ಅದೇ ಪುನೀತ್ ನಾಯಕನಾಗಿದ್ದ ‘ನಟಸಾರ್ವಭೌಮ’ದಲ್ಲೂ ಕಾಣಿಸಿಕೊಂಡರು. 2025ರ ಜುಲೈ 14ರಂದು ಬೆಂಗಳೂರಿನಲ್ಲಿ ಕೊನೆಯುಸಿರೆಳೆದಾಗ ಅವರಿಗೆ 87 ವರ್ಷ.

ಈ ಕಥೆ ಓದಿ ‘ನಮ್ಮ ಮಗಳೂ ಹಾಗೇ ಆಗುತ್ತಾಳೆ’ ಎಂದು ಹೊರಡಬೇಡಿ. ಗೆದ್ದವರ ಹೆಸರು ಮಾತ್ರ ನಮಗೆ ಗೊತ್ತಿರುತ್ತದೆ. ಒಂದೆರಡು ಚಿತ್ರಗಳ ನಂತರ ಅವಕಾಶವೂ ಇಲ್ಲದೆ, ಓದೂ ಕೈತಪ್ಪಿ ಉಳಿದವರ ಹೆಸರನ್ನು ಯಾರೂ ಬರೆದಿಡುವುದಿಲ್ಲ.

ರುದ್ರಮ್ಮನವರ ಕಾಲದಲ್ಲಿ ಮನೆಯ ಕಟ್ಟಳೆಯೇ ಮಗಳಿಗೆ ಕಾವಲಾಗಿತ್ತು. ಈಗ ಹದಿನಾಲ್ಕು ವರ್ಷದೊಳಗಿನ ಮಕ್ಕಳಿಗೆ ಕಾನೂನಿನ ಕಾವಲೂ ಇದೆ. ಬಾಲಕಾರ್ಮಿಕ ಕಾಯ್ದೆಗೆ 2016ರಲ್ಲಿ ತಿದ್ದುಪಡಿಯಾಯಿತು, ಮರುವರ್ಷ ಬಾಲಕಲಾವಿದರಿಗಾಗಿ ನಿಯಮಗಳು ಬಂದವು. ಚಿತ್ರೀಕರಣ ದಿನಕ್ಕೆ 5 ಗಂಟೆ ಮೀರಬಾರದು. ವಿಶ್ರಾಂತಿಯಿಲ್ಲದೆ 3 ಗಂಟೆಗಿಂತ ಹೆಚ್ಚು ದುಡಿಸಬಾರದು. ಸತತ 27 ದಿನಗಳಿಗಿಂತ ಹೆಚ್ಚು ಕೆಲಸ ಕೂಡದು, ಪಾಠಕ್ಕೆ ಅಡ್ಡಿಯಾಗಬಾರದು. ನಿರ್ಮಾಪಕರು ಮೊದಲೇ ಜಿಲ್ಲಾ ಮ್ಯಾಜಿಸ್ಟ್ರೇಟರ ಅನುಮತಿ ಪಡೆಯಬೇಕು. ಸಂಭಾವನೆಯ ಶೇ. 20ರಷ್ಟಾದರೂ ಮಗುವಿನ ಹೆಸರಿನಲ್ಲಿ ರಾಷ್ಟ್ರೀಕೃತ ಬ್ಯಾಂಕಿನ ನಿಶ್ಚಿತ ಠೇವಣಿಗೆ ನೇರವಾಗಿ ಹೋಗಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಮಗುವಿಗೆ ಇಷ್ಟವಿಲ್ಲದಿದ್ದರೆ ಒತ್ತಾಯಿಸುವಂತಿಲ್ಲ.

ಪಾಲಕರೇ, ಅವಕಾಶ ತಂದವರ ಮುಂದೆ ಮೊದಲು ಈ ನಿಯಮಗಳನ್ನಿಡಿ. ‘ಅದೆಲ್ಲ ಯಾರು ನೋಡುತ್ತಾರೆ ಬಿಡಿ ಸಾರ್’ ಎನ್ನುವವರಿದ್ದರೆ ಅಲ್ಲಿಂದಲೇ ಎದ್ದು ಬನ್ನಿ. ಮಗಳೊಡನೆ ಸೆಟ್ಟಿಗೆ ಹೋಗಲು ಮನೆಯಲ್ಲಿ ಯಾರಿಗೂ ಬಿಡುವಿಲ್ಲವೆಂದರೆ ಸದ್ಯಕ್ಕೆ ಬೇಡ ಎನ್ನುವುದೇ ಲೇಸು. ವಿದ್ಯಾರ್ಥಿ ಮಿತ್ರರೇ, ನಿಮಗೂ ಒಂದು ಮಾತು. ನೃತ್ಯ, ಸಂಗೀತ, ಶಾಲೆಯ ನಾಟಕ ಯಾವುದನ್ನೂ ಬಿಡಬೇಡಿ. ಆಸೆ ನಿಜವಾದದ್ದಾದರೆ ಹತ್ತನೆಯ ತರಗತಿ ಮುಗಿಯುವವರೆಗೆ ಕಾದರೂ ಅದು ಬಾಡುವುದಿಲ್ಲ. ಸರೋಜಾದೇವಿಯವರ ಮೊದಲ ಚಿತ್ರವೂ ಬಂದದ್ದು ಹದಿನೇಳರಲ್ಲಿ.